ನಿನ್ನ ಪಾಲಿನ ರೊಟ್ಟಿ

ಫೋತಿನಿ,
ನಿನ್ನನ್ನು ನಾನು ಕಂಡವಳಲ್ಲ.
ನಿನ್ನ ಪಾಲಿನ ರೊಟ್ಟಿ ತಿಂದು ಬದುಕಿದವಳು.

ಹಸಿವಿನ ಆ ಚಳಿಗಾಲ ನೀನು ಹೋದಾಗ
ನಿನ್ನಮ್ಮ ಸಾವು ಬರೆಸಲಿಲ್ಲ.
ಬರೆಸಿದರೆ ರೇಷನ್ ಚೀಟಿ ಕಿತ್ತುಕೊಳ್ಳುತ್ತಿದ್ದರು.
ಕಂಬಳಿಯಲ್ಲಿ ಸುತ್ತಿ, ಕತ್ತಲಲ್ಲಿ,
ಸ್ಮಶಾನದ ಗೋಡೆಯಾಚೆ ಇಳಿಸಿ ಬಂದಳಂತೆ.
ಎಸೆಯಲಿಲ್ಲ, ಇಳಿಸಿದೆ,
ಎಂದು ಮೂರು ಸಲ ಹೇಳಿದ್ದಳು ನನಗೆ.
ಬೆಳಗ್ಗೆ ಎದ್ದು ಸಾಲಿನಲ್ಲಿ ನಿಂತಳು
ಇಬ್ಬರ ರೊಟ್ಟಿಗೆ.

ವರ್ಷ ಕಳೆದು, ಥೆಸಲೊನೀಕಿಯ ರೈಲುಗಳು
ನಮ್ಮವರನ್ನು ಉತ್ತರಕ್ಕೆ ಹೊರುತ್ತಿದ್ದ ವಸಂತದಲ್ಲಿ
ಕಲ್ಲಿದ್ದಲ ದೋಣಿಯ ಹೊಟ್ಟೆಯೊಳಗೆ ಕೂತು
ದುದೂನ್ ಸಾಪೋರ್ತಾ ಎಂಬ ನಾನು ಅಥೆನ್ಸಿಗೆ ಬಂದೆ.
ಹಳದಿ ನಕ್ಷತ್ರ ಬಿಚ್ಚಿದ್ದೆ; ಕೋಟಿನ ಎದೆಯ ಮೇಲೆ
ಸೂಜಿಯ ತೂತುಗಳು ಆರು ಮೂಲೆಯಾಗಿ ಉಳಿದಿದ್ದವು.
ನಿನ್ನಮ್ಮ ನೋಡಿದಳು, ಕೋಟನ್ನು ಒಲೆಗೆ ಹಾಕಿದಳು,
ನಿನ್ನದನ್ನು ಕೊಟ್ಟಳು. ಆಮೇಲೆ ನಿನ್ನ ಹೆಸರು.

ಹೆಸರು ಹೊಂದಿತು. ಬೂಟು ಕಚ್ಚಿತು.
ನಾಲಿಗೆಯದೇ ತೊಡಕು.
ನಮ್ಮ ಮನೆಯಲ್ಲಿ ಆಡುತ್ತಿದ್ದದ್ದು ನಾಲ್ಕೂವರೆ ಶತಮಾನ ಹಳೆಯ ಸ್ಪ್ಯಾನಿಷ್;
ನನ್ನ ಗ್ರೀಕು ವಾಕ್ಯದ ತುದಿಗೆ ಬಂದು ಬಾಲ ಎತ್ತುತ್ತಿತ್ತು.
"ಬಾಯಿ ತೆರೆದೆಯೋ, ಇಬ್ಬರೂ ಮುಗಿದೆವು" ಎಂದಳು.
ನಿನ್ನ ಮುಖ ಗೊತ್ತಿದ್ದ ಬೀದಿ ಬಿಟ್ಟು
ಕಿಪ್ಸೆಲಿಯಲ್ಲಿ ಕೋಣೆ ಹಿಡಿದಳು.
ಅಲ್ಲಿ ನಾನು ಬಾಂಬಿಗೆ ಬೆದರಿ ಮಾತು ಬಿದ್ದುಹೋದ ಫೋತಿನಿ.

ಮೂರು ಬೆರಳು ಜೋಡಿಸಬೇಕು, ಬಲ ಹೆಗಲು ಮೊದಲು, ಆಮೇಲೆ ಎಡ.
ಕನ್ನಡಿಯೆದುರು ಕಲಿಯಬಾರದು, ತಿರುಗುಮುರುಗಾಗುತ್ತದೆ.
ಬುಧವಾರ ಎಣ್ಣೆ ಮುಟ್ಟಬಾರದು. ಎಣ್ಣೆ ಎಲ್ಲಿತ್ತು?
ಕುದಿನೀರು ಕಾಲ ಮೇಲೆ ಚೆಲ್ಲಿದ ದಿನ
"ಗ್ವಾಯ್ ದೆ ಮಿ" ಎಂಬ ನಮ್ಮಜ್ಜಿಯ ಕೂಗು
ಹಲ್ಲಿನ ತನಕ ಬಂತು.
ಕೆಳಮನೆಯಲ್ಲಿ ಜರ್ಮನ್ ಸೈನಿಕ ಗಡ್ಡ ಹೆರೆಯುತ್ತ ಸಿಳ್ಳೆ ಹಾಕುತ್ತಿದ್ದ.
ನುಂಗಿದೆ. ಇವತ್ತಿಗೂ ಎಲ್ಲೋ ಒಳಗೆ ಬೇಯುತ್ತಿದೆ ಅದು.

ಆದರೆ ಕೈ ಮೂಕವಲ್ಲವಲ್ಲ.
ಯಾರೋ ಕೊಟ್ಟ ಒಂದೇ ಒಂದು ಮೊಟ್ಟೆ.
ಲೋಟಕ್ಕೆ ಒಡೆದು ಬೆಳಕಿಗೆ ಹಿಡಿದೆ
ನೆತ್ತರ ಚುಕ್ಕೆಯಿದೆಯೇ ಎಂದು, ನಮ್ಮಮ್ಮ ನೋಡುತ್ತಿದ್ದ ಹಾಗೆ.
ಬಾಗಿಲಲ್ಲಿ ಪಕ್ಕದ ಮನೆಯ ಪೊಲಿಕ್ಸೇನಿ:
"ಇದೆಲ್ಲಿಯ ಪದ್ಧತಿ?"
ನಿನ್ನಮ್ಮ ಹೊಲಿಗೆಯಿಂದ ತಲೆಯೆತ್ತದೆ,
"ನಮ್ಮ ಸ್ಮಿರ್ನಾ ಕಡೆ ಹೀಗೇ. ಕೊಳೆತದ್ದು ಗೊತ್ತಾಗಲಿ ಅಂತ."
ಅಂದಿನಿಂದ ಸಾಯುವ ತನಕ
ಅವಳೂ ಲೋಟಕ್ಕೇ ಒಡೆದಳು.

ನೀನು ಸತ್ತ ದಿನ ಬಂತು.
ಇಗರ್ಜಿಯಲ್ಲಿ ನಿನ್ನ ಹೆಸರು ಹೇಳಿಸುವಂತಿಲ್ಲ:
ಬೀದಿಗೆಲ್ಲ ಗೊತ್ತು, ನೀನು ದಿನಾ ನಲ್ಲಿಯಲ್ಲಿ ನೀರು ಹಿಡಿಯುತ್ತೀ.
ನಡುರಾತ್ರಿ ಒಂದು ಹಿಡಿ ಗೋಧಿ ಬೇಯಿಸಿದಳು.
ನಾಲ್ಕು ಒಣದ್ರಾಕ್ಷಿ.
ಕತ್ತಲೆಯ ಅಡುಗೆಮನೆಯಲ್ಲಿ ನಿಂತೇ ತಿಂದೆವು,
ನಿನಗೆಂದು ಅವಳು,
ಯಾರು ಯಾರಿಗೆಂದು ತಿಳಿಯದೆ ನಾನು.
"ಫೋತಿನಿ" ಎಂದಳು. ಯಾರನ್ನು ಕರೆದಳೋ.
"ಹೂಂ" ಎಂದೆ.
ಅದೊಂದು ಸದ್ದಿಗೆ ಯಾವ ಊರಿನ ರಾಗವೂ ಇಲ್ಲ.

ಅಕ್ಟೋಬರಿನಲ್ಲಿ ಅವರು ಹೋದರು. ಗಂಟೆಗಳು ಬಡಿದವು.
ನಿನ್ನಮ್ಮ ಕಪ್ಪು ಉಟ್ಟು ಕಚೇರಿಗೆ ಹೋಗಿ
ಸಾವು ಬರೆಸಿದಳು.
ಗುಮಾಸ್ತ ಚೀಟಿ ತಿರುವಿ ನೋಡಿ,
"ಹೋದ ವಾರ ರೊಟ್ಟಿ ತಗೊಂಡಿದ್ದಾಳಲ್ಲ?"
"ತಗೊಂಡಿದ್ದಾಳೆ" ಎಂದಳು. "ಅದನ್ನೂ ಬರಕೋ."

ನಮ್ಮೂರಿಗೆ ಹೋಗಿ ನೋಡಿದೆ.
ನಮ್ಮ ಗೋರಿಕಲ್ಲುಗಳು ಯಾರದೋ ಅಂಗಳಕ್ಕೆ ಹಾಸಾಗಿದ್ದವು.
ಆ ಸ್ಪ್ಯಾನಿಷಿನಲ್ಲಿ ಜಗಳವಾಡಲು
ಒಬ್ಬರೂ ಸಿಗಲಿಲ್ಲ. ತಿರುಗಿ ಬಂದೆ.

ಈಗ ನನಗೆ ಎಂಬತ್ತಾರು. ನಿನಗೆ ಹದಿನೇಳು.
ಔಷಧದಂಗಡಿಯಲ್ಲಿ ಸಹಿ ಕೇಳಿದರೆ
ಕೈ ತಾನೇ ಒಂದು ಸುತ್ತು ಬರೆದು
ನಡುವೆ ಉದ್ದ ಗೀಟು ಎಳೆಯುತ್ತದೆ, ನಿನ್ನ ಮೊದಲ ಅಕ್ಷರ.
ಹುಡುಗ ಕಾಯುತ್ತಾನೆ.
ಹೊಡೆದುಹಾಕಲು ಮನಸ್ಸು ಬಾರದೆ
ಅದರ ಪಕ್ಕದಲ್ಲೇ
ನನ್ನದನ್ನೂ ಬರೆಯುತ್ತೇನೆ.